ಭಾವ ಕೊಟ್ಟ ಕಾರು

ನಮಗೆ ಆ ಕಾರು ಕೊಟ್ಟವರು ನನ್ನ ಗಂಡನ ಅಣ್ಣ. ಬುಕ್ಕಾಂಬುಧಿಯಲ್ಲಿ ನಮ್ಮದೂ ಅವರದೂ ಒಂದೇ ಗೋಡೆಯ ಎರಡು ಮನೆ. ತಮಗೆ ಹೊಸ ಕಾರು ಬಂದ ದಿನ ಹಳೆಯದರ ಕೀಯನ್ನು ತಮ್ಮನ ಕೈಗಿಟ್ಟರು. ಆದರೆ ಗಂಡನಿಗೆ ಓಡಿಸಲು ಬರುವುದಿಲ್ಲ, ಕಲಿಯುವ ಆಸೆಯೂ ಇಲ್ಲ. ಕಡೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವ ನಾನೇ ದಿನಾ ಓಡಿಸತೊಡಗಿದೆ. ಭಾವನವರಿಗೆ ಅದನ್ನು ನೋಡಿದರಾಗುತ್ತಿರಲಿಲ್ಲ. ನಾನು ಸ್ಟೇರಿಂಗ್ ಮುಂದೆ ಕೂತಾಗಲೆಲ್ಲ ಜಗಲಿಯಿಂದಲೇ ತಮ್ಮನಿಗೆ, "ಏನಪ್ಪಾ, ಇವತ್ತೂ ಪಕ್ಕದ ಸೀಟೇನಾ?" ಎನ್ನುತ್ತಿದ್ದರು. ಗಂಡ ನಗುತ್ತಿದ್ದ. ನನಗೆ ಮೈ ಉರಿಯುತ್ತಿತ್ತು.

ಒಂದು ದಿನ ಅತ್ತೆಯನ್ನು ಕಣ್ಣಿನ ಡಾಕ್ಟರಿಗೆ ತೋರಿಸಲು ತರೀಕೆರೆಗೆ ಹೊರಟೆ. ಭಾವ ಕರೆಯದೆಯೇ ಬಂದು ಹಿಂದೆ ಕೂತರು. ತರೀಕೆರೆಯೊಳಗೆ ಹೆದ್ದಾರಿಗೆ ತಿರುಗಿ ಆಕ್ಸಿಲರೇಟರ್ ಒತ್ತಿದೆ. ಗಾಡಿ ಮುಂದಕ್ಕೆ ಹೋಗಲಿಲ್ಲ. ಎರಡು ಸಲ ಜರ್ಕ್ ಹೊಡೆದು, ಉಸಿರು ಕಟ್ಟಿದಂತೆ ರಸ್ತೆ ಮಧ್ಯೆ ನಿಂತಿತು. ಬಲಗಡೆಯಿಂದ ಬಂದ ಲಾರಿ ಹಾರ್ನ್ ಹೊಡೆಯುತ್ತಲೇ ಮೂತಿ ತಿರುಗಿಸಿಕೊಂಡು, ಗೇಣಿನಷ್ಟು ದೂರದಲ್ಲಿ ದಾಟಿಹೋಯಿತು. ಅತ್ತೆಯ ಕನ್ನಡಕ ಕಾಲ ಬಳಿ ಬಿತ್ತು.

"ಏಯ್, ನಮ್ಮವ್ವನ್ನ ಕೊಂದ್ಬಿಡ್ತೀಯಾ?" ಭಾವ ಕೂಗಿದರು. "ಇಳಿ ಕೆಳಗೆ! ಗಾಡಿ ಓಡ್ಸೋ ಮುಖ ನೋಡು!"

ಅಂಗಡಿಗಳಿಂದ ಜನ ಹೊರಗೆ ಬಂದರು. ನಾನು ಇಳಿದೆ. ಅಲ್ಲಿಂದ ಡಾಕ್ಟರ ಹತ್ತಿರಕ್ಕೂ ವಾಪಸ್ ಮನೆಗೂ ಭಾವನೇ ಓಡಿಸಿದರು. ಗಾಡಿ ಒಮ್ಮೆಯೂ ತಡವರಿಸಲಿಲ್ಲ. "ನೋಡವ್ವಾ, ನನ್ ಕೈಲಿ ಹೆಂಗೆ ಓಡ್ತದೆ" ಎಂದರು. ಅವರು ಒಮ್ಮೆಯೂ ಪೆಡಲನ್ನು ಗಟ್ಟಿಯಾಗಿ ತುಳಿಯಲಿಲ್ಲ, ಮೊಟ್ಟೆಯ ಮೇಲೆ ಕಾಲಿಟ್ಟಂತೆ ಮೆಲ್ಲಗೆ ಒತ್ತುತ್ತಿದ್ದರು. ಹಿಂದೆ ಕೂತು ನಾನು ಅದನ್ನೇ ನೋಡುತ್ತಿದ್ದೆ.

ಕೀಯನ್ನು ಅವರು ತಮ್ಮ ಮನೆಯ ಮೊಳೆಗೆ ತಗುಲಿಹಾಕಿದರು. ಮರುದಿನ ಬೆಳಗ್ಗೆ ಯಾರನ್ನೂ ಕೇಳದೆ ತೆಗೆದುಕೊಂಡು ಬಂದು ಕಡೂರಿನ ಗ್ಯಾರೇಜಿಗೆ ಹೋದೆ. ಮೀಟರಿನಲ್ಲಿ ಉರಿಯುತ್ತಿದ್ದ ಹಳದಿ ಎಂಜಿನ್ ಲೈಟು ಕಂಡು ಮೆಕ್ಯಾನಿಕ್ ಸ್ಕ್ಯಾನರ್ ಚುಚ್ಚಿ ನೋಡಿ, "ಆಕ್ಸಿಜನ್ ಸೆನ್ಸರ್ ಹೋಗಿದೆ ಮೇಡಂ" ಎಂದ. ಹೊಸದು ಹಾಕಿದ. ಮೂರನೇ ದಿನ ಮತ್ತೆ ಅದೇ ಜರ್ಕ್, ಮೀಟರಿನಲ್ಲಿ ಮತ್ತೆ ಅದೇ ಹಳದಿ ಲೈಟು. ಪುನಃ ಆ ಮೆಕ್ಯಾನಿಕ್ ಹತ್ತಿರವೇ ಹೋದೆ.

"ಪಾರ್ಟ್ ಹೊಸದು, ಗಾಡೀಲಿ ಏನೂ ಇಲ್ಲ. ನೀವು ಕಾಲು ಸ್ವಲ್ಪ ನಿಧಾನ ಇಡ್ಬೇಕು."

"ನನ್ನ ಕಾಲು ನೋಡಿ ಲೈಟ್ ಉರೀತದೇನ್ರೀ?"

"ಅದೆಲ್ಲ ನಿಮಗೆ ಹೇಳಿದ್ರೆ ಅರ್ಥ ಆಗಲ್ಲ ಬಿಡಿ ಮೇಡಂ."

ಆ ಮಾತು ತಲೆಯೊಳಗೆ ಕೂತುಬಿಟ್ಟಿತು. ಫೋನಿಗೆ ಜೋಡಿಸುವ ಪುಟ್ಟ ಸ್ಕ್ಯಾನರ್ ಒಂದನ್ನು ತರಿಸಿದೆ. ಭಾನುವಾರ ಬೆಳಗ್ಗೆ ಅಂಗಳದಲ್ಲೇ ಬಾನೆಟ್ ಎತ್ತಿದೆ. ಸೆನ್ಸರ್ ಕೂತಿರುವುದು ಹೊಗೆ ಹೋಗುವ ಪೈಪಿನಲ್ಲಿ. ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ಹೇಳುವುದಷ್ಟೇ ಅದರ ಕೆಲಸ. ಹಳೆಯದೂ ಹೊಸದೂ ಒಂದೇ ದೂರು ಹೇಳಿದ್ದವು: ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಎರಡೂ ಸುಳ್ಳು ಹೇಳಲಾರವು. ಫಿಲ್ಟರಿನ ಬಳಿ ಅಳೆಯುವ ಲೆಕ್ಕಕ್ಕೆ ಸಿಗದ ಗಾಳಿ ಎಲ್ಲಿಂದಲೋ ಒಳಗೆ ನುಗ್ಗುತ್ತಿರಬೇಕು.

ಎಂಜಿನ್ ಶುರು ಮಾಡಿ ಪೈಪುಗಳನ್ನು ಒಂದೊಂದಾಗಿ ಮುಟ್ಟುತ್ತ ಹೋದೆ. ಏರ್ ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ದಪ್ಪ ರಬ್ಬರ್ ಪೈಪಿನ ಬಳಿ ಸಣ್ಣಗೆ 'ಸುಸ್' ಎನ್ನುತ್ತಿತ್ತು. ಕೆಳಭಾಗವನ್ನು ಅಂಗೈಯಿಂದ ಮುಚ್ಚಿದರೆ ಸದ್ದು ನಿಂತು, ಫೋನಿನಲ್ಲಿ ಅಂಕಿ ಸರಿಯಾಗುತ್ತ ಬಂತು. ಕೈ ತೆಗೆದರೆ ಮತ್ತೆ ಕೆಡುತ್ತಿತ್ತು. ಎಂಜಿನ್ ಆರಿಸಿ ಪೈಪು ಬಿಚ್ಚಿ ತಿರುಗಿಸಿದೆ. ಉದ್ದಕ್ಕೆ ಸೀಳಿತ್ತು. ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಅಲುಗಿ ಸೀಳು ಬಾಯಿ ಬಿಡುತ್ತಿತ್ತು. ಅದರ ಮೇಲೆ ಒಣಗಿ ಸುಕ್ಕಾದ ಹಳದಿ ಟೇಪಿನ ಸುತ್ತು. ತೆಂಗಿನ ತೋಟದ ಪಂಪಿನ ವೈರುಗಳಿಗೆ ಭಾವ ಸುತ್ತುವುದು ಅದೇ ಟೇಪು.

ಪೈಪು ಹಿಡಿದುಕೊಂಡೇ ಅವರ ಜಗಲಿಗೆ ಹೋದೆ. ಅತ್ತೆ ಅಲ್ಲೇ ಅವರೆಕಾಯಿ ಸುಲಿಯುತ್ತಿದ್ದರು.

"ಭಾವ, ಈ ಟೇಪು ಯಾರು ಸುತ್ತಿದ್ದು?"

"ನಾನೇ. ಏನೀಗ? ಕೊಟ್ಬಿಡೋ ಗಾಡಿಗೆ ಯಾರಾದ್ರೂ ಹೊಸಾ ಪೈಪ್ ಹಾಕ್ತಾರಾ?"

"ಗೊತ್ತಿದ್ದೂ ಅವತ್ತು ಜನರ ಮುಂದೆ ನನ್ನನ್ನ ಬೈದ್ರಲ್ಲ."

"ಓಡ್ಸೋಕೆ ಬರೋರು ಗಾಡಿ ನಾಡಿ ನೋಡ್ಕೊಂಡು ಓಡಿಸ್ತಾರೆ."

"ನಿಮ್ಮವ್ವ ನನ್ನ ಪಕ್ಕದಲ್ಲಿದ್ರು. ಲಾರಿ ಗುದ್ದಿದ್ರೆ ಅವಾಗ್ಲೂ ನನ್ನ ಕಾಲೇ ಸರಿ ಇಲ್ಲ ಅಂತಿದ್ರಾ?"

ಅತ್ತೆ ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿ, "ಲೇ, ನಂಗಾದ್ರೂ ಹೇಳ್ಬೋದಿತ್ತಲ್ಲೋ" ಎಂದರು. ಭಾವ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಹೊಸ ಪೈಪನ್ನು ಕಡೂರಿನಿಂದ ತಂದು ನಾನೇ ಹಾಕಿದೆ. ಲೈಟು ಮತ್ತೆ ಉರಿಯಲಿಲ್ಲ, ಏರಿನಲ್ಲೂ ಗಾಡಿ ಸಲೀಸಾಗಿ ಎಳೆಯಿತು. ಮೆಕ್ಯಾನಿಕ್ಕಿಗೆ ಹರಿದ ಪೈಪು ತೋರಿಸಿದರೆ, "ಅದೂ ಇರಬಹುದು ಮೇಡಂ" ಎಂದು ಬೇರೆ ಕಾರಿನ ಕೆಳಗೆ ತೂರಿಕೊಂಡ. ಮನೆಯಲ್ಲಿ ಗಂಡ, "ದೊಡ್ಡೋರು, ಮರ್ತುಬಿಡೇ" ಎಂದ. ಮರೆಯಲು ನನಗೆ ಮನಸ್ಸಿರಲಿಲ್ಲ. ಭಾವನ ಜೊತೆ ಇವತ್ತಿಗೂ ಮಾತಿಲ್ಲ.

ಅತ್ತೆಯ ಕಣ್ಣಿನ ಆಪರೇಷನ್ನಿಗೆ ಹೊರಡುವ ದಿನ ಭಾವ ತಮ್ಮ ಹೊಸ ಕಾರು ತೆಗೆದು ನಿಲ್ಲಿಸಿದ್ದರು. ಅತ್ತೆ ಅದರ ಪಕ್ಕದಲ್ಲೇ ನಡೆದು ಬಂದು ನನ್ನ ಪಕ್ಕದ ಸೀಟಿನಲ್ಲಿ ಕೂತು, "ನಡಿಯೇ" ಎಂದರು. ಭಾವ ತರೀಕೆರೆವರೆಗೂ ಹಾರ್ನ್ ಹೊಡೆಯುತ್ತ ನಮ್ಮ ಹಿಂದೆ ಬಂದರು. ನಾನು ಸೈಡ್ ಕೊಡಲಿಲ್ಲ.