ಎಲ್ಡನ್ ಪೆಲ್ಕಿ ನಿಲ್ಲದೇ ಗೆದ್ದ ಚುನಾವಣೆ

ವರ್ಮಾಂಟಿನ ಆ ಬೆಟ್ಟದೂರಿನಲ್ಲಿ ಮಾರ್ಚ್ ತಿಂಗಳ ಮೊದಲ ಮಂಗಳವಾರ ಊರ ಸಭೆ. ಊರಿನ ಚುನಾವಣೆಯೂ ಅವತ್ತೇ. ಓಟಿನ ವಯಸ್ಸು ಬಂದಾಗಿನಿಂದ ಎಲ್ಡನ್ ಪೆಲ್ಕಿ ಅದನ್ನು ತಪ್ಪಿಸಿದವನಲ್ಲ. ಹೆಂಡತಿ ಆಡ್ರಿಯ ಜೊತೆ ಹೋಗಿ ಓಟು ಹಾಕಿ, ಸಭೆಯಲ್ಲಿ ಯಾರ ಮೇಲಾದರೂ ಒಂದಿಷ್ಟು ರೇಗಿ, ಅಲ್ಲೇ ಊರವರು ಬಡಿಸುವ ಬೀನ್ಸ್ ಊಟ ಮಾಡಿ ಬರುವುದು ಅವನ ರೂಢಿ. ಆ ವರ್ಷ ಮಾತ್ರ ಅವನು ಮನೆಯಿಂದ ಹೊರಡಲಿಲ್ಲ.

ಜನವರಿಯಲ್ಲಿ ಆಡ್ರಿ ತೀರಿಕೊಂಡಿದ್ದಳು. ನೆಲ ಹೆಪ್ಪುಗಟ್ಟಿ ಕಲ್ಲಾಗಿತ್ತು. ಚಳಿಗಾಲದಲ್ಲಿ ಸತ್ತ ಎಲ್ಲರಂತೆ ಅವಳನ್ನೂ ಸ್ಮಶಾನದ ಬಾಗಿಲಲ್ಲಿರುವ ಕಲ್ಲುಕೋಣೆಯಲ್ಲಿ ಇಟ್ಟಿದ್ದರು. ಹಿಮ ಕರಗಿ, ಗುದ್ದಲಿ ಇಳಿಯುವಷ್ಟು ನೆಲ ಸಡಿಲವಾದ ಮೇಲೆಯೇ ಮಣ್ಣು.

ಸಂಜೆ ಫೋನು ಬಂತು. ಊರ ಕಚೇರಿ ನೋಡಿಕೊಳ್ಳುವ ಡೋರೀನ್, ಅವನ ಜೊತೆ ಶಾಲೆಗೆ ಹೋದವಳು.

"ಗೆದ್ದೆ ಕಣೋ, ಎಲ್ಡನ್!"

"ಏನು ಗೆದ್ದೆ? ನಾನು ಲಾಟರಿ ತಗೊಂಡಿಲ್ವಲ್ಲ."

"ಸ್ಮಶಾನ ನೋಡ್ಕೊಳ್ಳೋ ಸ್ಥಾನಕ್ಕೆ. ಯಾರೂ ನಿಂತಿರಲಿಲ್ಲ, ಓಟಿನ ಚೀಟಿಯಲ್ಲಿ ಜಾಗ ಖಾಲಿ ಇತ್ತು. ಜನ ನಿನ್ನ ಹೆಸರು ಬರೆದು ಹಾಕಿದ್ದಾರೆ."

"ಯಾರು ಬರೆದೋರು?"

"ಗುಟ್ಟಿನ ಓಟು ಮಾರಾಯ, ನನಗೇನು ಗೊತ್ತು? ನೀನೂ ಬಂದಿದ್ರೆ ಇನ್ಯಾರದಾದ್ರೂ ಹೆಸರು ಬರೀಬಹುದಿತ್ತು."

"ನನಗೆ ಬೇಡ."

"ಬೇಡ ಅಂದ್ರೆ ಬಂದು ಬರ್ಕೊಡು. ಫೋನಲ್ಲಿ ರಾಜೀನಾಮೆ ತಗೊಳ್ಳೋಕೆ ಬರಲ್ಲ."

ಇದು ಪಕ್ಕದ ಮನೆ ರೋಯ್ಸನ ಕುಚೇಷ್ಟೆಯೇ ಸರಿ ಎಂದುಕೊಂಡು ಎಲ್ಡನ್ ಬೆಳಿಗ್ಗೆ ಕಚೇರಿಗೆ ಹೋದ. ಡೋರೀನ್ ಹಾಳೆ, ಪೆನ್ನು ಮುಂದಿಟ್ಟಳು.

"ನಾನು ಬಿಟ್ರೆ ಇನ್ಯಾರು?" ಎಂದ.

"ಹುಡುಕಬೇಕು. ಬೇಸಿಗೆ ಹೊತ್ತಿಗೆ ಯಾರಾದ್ರೂ ಸಿಕ್ಕಾರು."

"ಅಲ್ಲೀವರೆಗೂ ಆ ಕಲ್ಲುಕೋಣೆ ಬಾಗಿಲು ತೆಗೆಯೋರು?"

ಡೋರೀನ್ ಉತ್ತರ ಕೊಡುವ ಮೊದಲೇ ಒಬ್ಬ ಹುಡುಗಿ ಬೂಟಿನ ಕೆಸರು ಕೊಡವುತ್ತಾ ಒಳಗೆ ಬಂದಳು. ಗರಗಸದ ಮಿಲ್ಲಿನ ಹೋಮರನ ಮಗಳು ಕಾಲೀನ್. ಹೋಮರನೂ ಅದೇ ಕಲ್ಲುಕೋಣೆಯಲ್ಲಿದ್ದ.

"ಅಪ್ಪನ್ನ ಮಣ್ಣು ಮಾಡೋದು ಯಾವಾಗ ಅಂತ ಯಾರನ್ನ ಕೇಳ್ಬೇಕು?" ಎಂದಳು.

ಡೋರೀನ್ ಕಿಟಕಿಯ ಕಡೆ ನೋಡಿದಳು. ಎಲ್ಡನ್ ಪೆನ್ನು ಕೈಗೆತ್ತಿಕೊಂಡಿದ್ದ. ಅದನ್ನು ಮೇಜಿನ ಮೇಲಿಟ್ಟು, "ನೆಲ ನೋಡಿ ಹೇಳ್ತೀನಮ್ಮ," ಎಂದ. ಬಲಗೈ ಎತ್ತಿ ಪ್ರಮಾಣ ಮಾಡಿ, ಕಲ್ಲುಕೋಣೆಯ ಬೀಗದಕೈ ಜೇಬಿಗೆ ಹಾಕಿಕೊಂಡು ಹೊರಟ.

ಏಪ್ರಿಲ್ ಬಂತು. ಎಲ್ಡನ್ ದಿನಾ ಬೆಳಿಗ್ಗೆ ಕಬ್ಬಿಣದ ಸಲಾಕೆ ಹಿಡಿದು ಸ್ಮಶಾನ ಸುತ್ತುತ್ತಿದ್ದ. ನೆಲಕ್ಕೆ ಚುಚ್ಚಿದರೆ ಒಂದು ಕಡೆ ಸರಾಗ ಇಳಿಯುವುದು, ಇನ್ನೊಂದು ಕಡೆ ಠಣ್ ಎಂದು ನಿಲ್ಲುವುದು. ಬಿಸಿಲು ಬೀಳುವ ಇಳಿಜಾರು ಮೊದಲು ಮೆತ್ತಗಾಯಿತು. ಆಡ್ರಿಯ ಜಾಗ ಅಲ್ಲೇ. ಉಳಿದ ಮನೆಯವರು ಒಬ್ಬೊಬ್ಬರಾಗಿ ತಮ್ಮವರನ್ನು ಮಣ್ಣು ಮಾಡಿಕೊಂಡು ಹೋದರು. ಹೋಮರನ ಜಾಗ ಪೈನ್ ಮರಗಳ ನೆರಳಲ್ಲಿ. ಅಲ್ಲಿ ಸಲಾಕೆ ಇನ್ನೂ ಇಳಿಯುತ್ತಿರಲಿಲ್ಲ.

"ನಿನ್ನ ಕೆಲಸ ಮುಗಿಸ್ಕೊಳ್ಳೋ," ಎಂದ ರೋಯ್ಸ್. "ಯಾಕೆ ಕಾಯ್ತೀಯ? ಗುಂಡಿ ತೋಡೋಕೆ ನಾನೂ ಬರ್ತೀನಿ."

ಎಲ್ಡನ್ ಆಡ್ರಿಯ ಮಣ್ಣು ಅವತ್ತೇ ಮುಗಿಸುವ ಮನಸ್ಸಿನಲ್ಲಿದ್ದ. ಅದಕ್ಕೆ ಮೊದಲು ಕಾಲೀನಳಿಗೆ ಫೋನು ಮಾಡಿ, ಅವಳಪ್ಪನದು ಇನ್ನೂ ತಡವಾಗುತ್ತದೆಂದು ಹೇಳಿದ.

"ಉಳಿದೋರೆಲ್ಲ ಹೋದ್ರಾ?" ಎಂದಳು. ಆಮೇಲೆ, "ಅಪ್ಪನಿಗೆ ಒಬ್ಬನೇ ಇರೋದು ಅಂದ್ರೆ ಆಗ್ತಾನೇ ಇರಲಿಲ್ಲ," ಎಂದಳು.

"ಒಬ್ಬನೇ ಎಲ್ಲಿದ್ದಾನೆ? ಆಡ್ರಿ ಇದ್ದಾಳೆ. ಮಾತಿಗೆ ಕೂತ್ರೆ ಎದ್ದೋಗೋಕೆ ಬಿಡೋಳಲ್ಲ ಅವಳು. ನಿಮ್ಮಪ್ಪನ ಜಾಗ ಮೆತ್ತಗಾಗೋವರೆಗೂ ಅವಳೂ ಅಲ್ಲೇ ಇರಲಿ ಬಿಡು."

ಮೇ ತಿಂಗಳಲ್ಲಿ ಇಬ್ಬರನ್ನೂ ಒಂದೇ ದಿನ ಮಣ್ಣು ಮಾಡಿದರು, ಮೊದಲು ಹೋಮರನನ್ನು, ಆಮೇಲೆ ಆಡ್ರಿಯನ್ನು. ರೋಯ್ಸ್ ಕೊನೆಯ ಗುದ್ದಲಿ ಮಣ್ಣು ಎಳೆಯುತ್ತಿದ್ದಾಗ ಕಾಲೀನ್ ಎಲ್ಡನನ ಪಕ್ಕ ಬಂದು ನಿಂತಳು.

"ಒಂದು ಮಾತು ಹೇಳ್ಲಾ? ಬೈಬೇಡಿ. ಓಟಿನ ದಿನ ಹೊರಗಡೆ ಚಳಿಯಲ್ಲಿ ನಿಂತ್ಕೊಂಡು, ನಿಮ್ಮ ಹೆಸರು ಬರೀರಿ ಅಂತ ಹೋದೋರಿಗೆಲ್ಲ ಹೇಳಿದ್ದು ನಾನೇ."

"ನೀನಾ? ನಾನು ರೋಯ್ಸ್ ಅಂದ್ಕೊಂಡು ಅವನಿಗೆ ಎರಡು ತಿಂಗಳು ಬಿಯರ್ ಕೊಟ್ಟಿಲ್ಲ! ನನ್ನ ಹೆಸರೇ ಯಾಕಮ್ಮ?"

"ಹೆಂಡತಿ ಒಳಗಿರೋರು ಬೇಗ ಬಾಗಿಲು ತೆಗೆಸ್ತಾರೆ ಅಂತ. ನೀವು ನೋಡಿದ್ರೆ ಎಲ್ಲರಿಗಿಂತ ಕೊನೆಗೆ ಅವರನ್ನ ಹೊರಗೆ ತಂದ್ರಿ."

ಎಲ್ಡನ್ ನಕ್ಕುಬಿಟ್ಟ. ಜನವರಿಯಿಂದೀಚೆಗೆ ಅದೇ ಮೊದಲು. ನಗುತ್ತಲೇ ಕಣ್ಣೊರೆಸಿಕೊಂಡ, ಕಾಲೀನ್ ಅವನ ತೋಳು ಹಿಡಿದು ನಿಂತಳು.

ಅವಧಿ ಮುಗಿದ ಮೇಲೆ ಅವನು ತಾನಾಗಿಯೇ ಮತ್ತೆ ನಿಂತ, ಗೆದ್ದ. ಚಳಿಗಾಲದಲ್ಲಿ ಯಾರ ಮನೆಯಲ್ಲಿ ಸಾವಾದರೂ ಹಿಮದಲ್ಲಿ ಗಾಡಿ ಓಡಿಸಿಕೊಂಡು ಹೋಗುತ್ತಿದ್ದ. ಅಡುಗೆಮನೆಯಲ್ಲಿ ಕೂತು, ಕೊಟ್ಟ ಕಾಫಿ ಕುಡಿದು, ಯಾವ ಜಾಗದ ನೆಲ ಯಾವಾಗ ಸಡಿಲಾದೀತು ಎಂದು ನಿಧಾನವಾಗಿ ಹೇಳುತ್ತಿದ್ದ. ಹೇಳಿ ಮುಗಿದ ಮೇಲೂ ಸ್ವಲ್ಪ ಹೊತ್ತು ಕೂತಿರುತ್ತಿದ್ದ.