ನೂರು ಸಾಲಿನ ಚಿಗರಿ

ರೇಣುಕಾ, ಅಂದು ನೀನು ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿದವನು ನಾನು — ನಿನ್ನ ಡ್ರಿಲ್ ಮಾಸ್ತರ.

ಆರನೆಯ ತರಗತಿಯ ಪ್ರವಾಸ. ಬನಹಟ್ಟಿಯಿಂದ ಹೊರಟ ಬಸ್ಸು ಆ ಪ್ರಾಣಿ ಉದ್ಯಾನ ತಲುಪಿದ ಕೂಡಲೇ ನಿಮ್ಮನ್ನು ಎರಡು ಸಾಲು ಮಾಡಿ, ನಲವತ್ತು ತಲೆ ಎಣಿಸಿ ಒಳಗೆ ಬಿಟ್ಟೆ. ಒಂದೊಂದು ಬೇಲಿಗೆ ಐದೇ ನಿಮಿಷ. ಚಿಗರಿ ಜಿಂಕೆಗಳ ಮುಂದೆ ಅಲ್ಲಿಯ ಮಾರ್ಗದರ್ಶಿ, "ಇವು ಕಾಡಿನಲ್ಲಿ ಕಡಿಮೆಯಾಗುತ್ತಿವೆ, ಇಲ್ಲಿ ಸಾಕಿ ಉಳಿಸುತ್ತಿದ್ದೇವೆ" ಎಂದ. ನೀನು ಸಾಲು ಬಿಟ್ಟು ಮುಂದೆ ಬಂದೆ.

"ನಮ್ಮ ಕಡೆ ಅದಾವ್ರಿ! ಬೀಳಗಿ ಗುಡ್ಡದಾಗ ಕುರಿ ಮೇಸೂವಾಗ ನಮ್ಮ ಮುತ್ಯಾ ತೋರಿಸ್ಯಾನ. ಮುಧೋಳ ನಾಯಿ ತಗೊಂಡು ಬ್ಯಾಟಿಗಿ ಬರ್ತಾರಲ್ರಿ, ಅವರು —"

ನಾನು ಸೀಟಿ ಊದಿದೆ.

"ಕುರಿ ನೋಡಿ ಚಿಗರಿ ಅಂತಾಳ ನೋಡ್ರಿ ಇಕಿ! ಸುಳ್ಳಬುರುಕಿ."

ಎಲ್ಲರೂ ನಕ್ಕರು.

ನನಗೆ ಗೊತ್ತಿತ್ತು. ಎಷ್ಟೋ ಭಾನುವಾರ ಅದೇ ಗುಡ್ಡದಲ್ಲಿ ಅವುಗಳ ಹಿಂದೆ ನಾಯಿ ಬಿಟ್ಟವನು ನಾನೇ. ದಿನಾ ಸಂಜೆ ಆ ಸೀಟಿಯನ್ನು ತೂಗುಹಾಕುತ್ತಿದ್ದುದು ನಮ್ಮ ಪಡಸಾಲೆಯ ಚಿಗರಿ ಕೊಂಬಿಗೆ. ನಿನ್ನ ಮಾತು ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದರೆ —

'ನಮ್ಮಲ್ಲಿ ಚಿಗರಿ ಇಲ್ಲ' ಎಂದು ನೂರು ಸಲ ಬರೆಯಲು ಹೇಳಿದೆ. ಮರುದಿನ ನೀನು ನೋಟ್‌ಬುಕ್ ತಂದುಕೊಟ್ಟೆ. ಅಂಕಿ ಹಾಕಿ, ಅಂಚು ಬಿಟ್ಟು, ನೂರು ಸಾಲು: 'ನಮ್ಮಲ್ಲಿ ಚಿಗರಿ ಇವೆ.' ನಾನು ಅದನ್ನು ಮುಚ್ಚಿ ನನ್ನ ಚೀಲಕ್ಕೆ ಹಾಕಿಕೊಂಡೆ. "ಬರದಾಳ, ಛಲೋ ಆತು" ಎಂದೆ, ಅಷ್ಟೇ. ಆ ವರ್ಷವಿಡೀ ಹುಡುಗರು ನಿನ್ನನ್ನು 'ಕುರಿಚಿಗರಿ' ಎಂದು ಕೂಗಿದರು. ಸಾಲು ಒಂದಿಂಚು ವಾರೆಯಾದರೆ ಸಹಿಸದ ನಾನು — ಅದನ್ನು ಕೇಳಿಯೂ ಸುಮ್ಮನಿದ್ದೆ.

ಇಷ್ಟು ವರ್ಷಗಳ ಮೇಲೆ, ಕಳೆದ ವಾರ ಶಾಲೆಯವರು ಮಕ್ಕಳ ಜೊತೆ ನಿವೃತ್ತನಾದ ನನ್ನನ್ನೂ ಅದೇ ಗುಡ್ಡಕ್ಕೆ ಕರೆದೊಯ್ದರು. ಈಗ ಅಲ್ಲಿ ಬೇಟೆ ಇಲ್ಲ, ಕಾವಲಿದೆ. ಖಾಕಿ ತೊಟ್ಟು ಎದುರು ಬಂದ ಕಾವಲುಗಾರ್ತಿ — ನೀನು! ನೀನು ತುಟಿಯ ಮೇಲೆ ಬೆರಳಿಟ್ಟೆ. ಇಡೀ ಸಾಲು ಗಪ್‌ಚಿಪ್. ನನ್ನ ಸೀಟಿಗೂ ಅಷ್ಟು ಬಲವಿರಲಿಲ್ಲ.

ಇಳಿಜಾರಿನ ಹುಲ್ಲು ಅಲುಗಿತು. ಬೇಲಿಯಿಲ್ಲ, ಪಂಜರವಿಲ್ಲ. ಚಿಗರಿಗಳು ಎದ್ದವು, ಜಿಗಿದವು!

"ಎಣಿಸ್ರಿ ಸರ್" ಎಂದು ದುರ್ಬೀನು ಕೊಟ್ಟೆ.

"ಮೂರು."

"ನಾಕು ಅದಾವ್ರಿ. ಜಾಲಿಗಿಡದ ಹಿಂದ ಮರಿ ನಿಂತೈತಿ. ನೂರು ಸಲ ಬರದಿದ್ನಲ್ರಿ, ಇನ್ನೂ ನಂಬಿಕಿ ಇಲ್ಲೇನ್ರಿ?"

ಮಕ್ಕಳು ಬಾಯಿ ಮುಚ್ಚಿಕೊಂಡೇ ಕುಣಿದರು. ನೀನು ನಕ್ಕೆ — ಗೆದ್ದವಳ ನಗು. ನಾನೂ ನಕ್ಕೆ. ಆದರೆ ಹೇಳಬೇಕಾದದ್ದನ್ನು ಆಗಲೂ ಹೇಳಲಿಲ್ಲ. ಅದು ನನ್ನ ಎರಡನೆಯ ತಪ್ಪು.

ಸುಳ್ಳನ್ನು ನಲವತ್ತು ಮಕ್ಕಳ ಮುಂದೆ ಹೇಳಿದವನು ಖರೆಯನ್ನು ಲಕೋಟೆಯಲ್ಲಿ ಮುಚ್ಚಿ ಕಳಿಸಿದರೆ ಸಾಲದು. ಸೋಮವಾರ ಪ್ರಾರ್ಥನೆ ಮುಗಿದ ಕೂಡಲೇ ಶಾಲೆಯ ಅಂಗಳದಲ್ಲಿ ನಿನ್ನ ನೋಟ್‌ಬುಕ್ ಎತ್ತಿ ಹಿಡಿದು ಇದಿಷ್ಟನ್ನೂ ಓದುತ್ತೇನೆ. ಕೊಂಬುಗಳನ್ನು ಗೋಡೆಯಿಂದ ಇಳಿಸಿದ್ದೇನೆ. ನಿಮ್ಮ ಕಚೇರಿಗೆ ಒಪ್ಪಿಸುತ್ತೇನೆ. ಕಾಯಿದೆಯಲ್ಲಿ ಏನು ಶಿಕ್ಷೆ ಇದೆಯೋ ಆಗಲಿ.

ನೀನೂ ಬಾ, ರೇಣುಕಾ. ಸಾಲು ಬಿಟ್ಟು ಮುಂದೆ ಬಂದು ನಿಲ್ಲು. ಅಂದು ಅರ್ಧಕ್ಕೆ ನಿಂತ ಮಾತನ್ನು ಪೂರ್ತಿ ಮಾಡು. ನಾನು ಸೀಟಿ ಊದುವುದಿಲ್ಲ.