ಸಾವಿನ ಸುದ್ದಿ ಹೊತ್ತು ನಡೆಯುವ ತುಕ್ರಪ್ಪ

ಬೆಳಕು ಹರಿಯಲು ಇನ್ನೂ ಹೊತ್ತಿದೆ. ಬಂಟ್ವಾಳ ಪೇಟೆಯ ಅಂಗಡಿಗಳ ಹಲಗೆ ಬಾಗಿಲುಗಳು ತೆರೆದಿಲ್ಲ. ನೇತ್ರಾವತಿಯ ಕಡೆಯಿಂದ ತಣ್ಣಗೆ ಗಾಳಿ ಬೀಸುತ್ತಿದೆ. ತುಕ್ರಪ್ಪ ಮುಂದೆ, ನಾನು ಹಿಂದೆ. ಅಬ್ಬ, ಅದೇನು ನಡಿಗೆ! ಅರುವತ್ತು ದಾಟಿದ ಮನುಷ್ಯ, ಬರಿಗಾಲು, ಮೊಣಕಾಲ ಮೇಲಕ್ಕೆ ಕಟ್ಟಿದ ಮುಂಡು. ಕೈಯಲ್ಲಿ ಚೀಲವಿಲ್ಲ, ಬುತ್ತಿಯಿಲ್ಲ. ಪುಂಜಾಲಕಟ್ಟೆ ದಾಟಿ ಬೆಳ್ತಂಗಡಿಯ ಕಡೆಗೆ ಹೋಗಬೇಕು ಎಂದಷ್ಟೇ ಹೇಳಿದ್ದಾರೆ. ಬಂಟ್ವಾಳದಲ್ಲಿ ರಾತ್ರಿ ಯಾರೋ ತೀರಿಕೊಂಡಿದ್ದಾರೆ, ಬೆಳ್ತಂಗಡಿಯಲ್ಲಿ ಅವರ ನಂಟರಿಗೆ ಅದು ಇನ್ನೂ ತಿಳಿಯದು. ಆ ಸುದ್ದಿಯನ್ನು ಮುಟ್ಟಿಸುವುದೇ ತುಕ್ರಪ್ಪನವರ ಕೆಲಸ.

"ಯಾರು ಹೋದದ್ದು?" ಎಂದು ಕೇಳುತ್ತೇನೆ.

"ಅದನ್ನು ಕೇಳಬೇಡಿ. ಯಾರಿಗೆ ಹೇಳಬೇಕೋ ಅವರಿಗಿಂತ ಮೊದಲು ನಿಮಗೆ ಹೇಳಿದರೆ ನಾನು ಎಂತ ಕೆಲಸ ಮಾಡಿದ ಹಾಗಾಯಿತು?"

ಅವರು ಆಡುವುದು ತುಳು. ನಾನು ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ, ಅದರ ಬಿಸಿ ಸ್ವಲ್ಪ ಆರಿದ್ದರೆ ತಪ್ಪು ನನ್ನದು. ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರಿ, ಈ ಮೂರು ಊರುಗಳ ನಡುವೆ ತುಕ್ರಪ್ಪ ಹೀಗೆ ನಡೆಯಲು ತೊಡಗಿ ಮೂವತ್ತು ವರ್ಷದ ಮೇಲಾಯಿತು. ಮೊದಲು ಅವರ ಮಾವ, ಅಂದರೆ ತಾಯಿಯ ಅಣ್ಣ, ಇದೇ ಕೆಲಸ ಮಾಡುತ್ತಿದ್ದರು. ಉಳಿದ ದಿನಗಳಲ್ಲಿ ಗದ್ದೆ ಕೆಲಸ, ತೆಂಗಿನಕಾಯಿ ಸುಲಿಯುವುದು. ಸಾವಿನ ಮನೆಯಿಂದ ಕರೆ ಬಂದರೆ ಮಾತ್ರ ಸುಲಿಯುವ ಕಾಯಿಯನ್ನು ಅಲ್ಲಿಗೇ ಬಿಟ್ಟು ಏಳುತ್ತಾರೆ. ಆ ಮನೆಯವರು ಕೊಟ್ಟದ್ದನ್ನು ತೆಗೆದುಕೊಳ್ಳುತ್ತಾರೆ, ಇಷ್ಟೇ ಕೊಡಿ ಎಂದು ಕೇಳಿದವರಲ್ಲ.

ಈಗ ಬಸ್ಸುಗಳು ಧಾರಾಳ ಉಂಟು. ಆದರೆ ಸುದ್ದಿ ಹೊತ್ತ ದಿನ ತುಕ್ರಪ್ಪ ಬಸ್ಸು ಹತ್ತುವುದಿಲ್ಲ. "ಬಸ್ಸಿನಲ್ಲಿ ಕೂತರೆ ಹತ್ತು ಜನ ಕೇಳ್ತಾರೆ, ಎಲ್ಲಿಗೆ, ಯಾರು, ಯಾವಾಗ ಅಂತ. ನಾನು ಬಾಯಿ ಬಿಡದಿದ್ದರೂ ಮುಖ ನೋಡಿ ಲೆಕ್ಕ ಹಾಕ್ತಾರೆ. ಮತ್ತೆ ಸುದ್ದಿ ನನಗಿಂತ ಮೊದಲು ಇಳಿದು ಓಡ್ತದೆ."

ಅವರ ಕೆಲಸಕ್ಕೆ ಒಂದು ಕಟ್ಟುಪಾಡು ಉಂಟು. ಸಾವಿನ ಮನೆಯಿಂದ ಹೊರಡುವ ಮೊದಲು, ಹೋದವರು ಕೊನೆಗೆ ಏನು ಹೇಳಿದರು, ಏನು ಕೇಳಿದರು ಎಂದು ವಿಚಾರಿಸಿಕೊಳ್ಳುತ್ತಾರೆ. ಸುದ್ದಿ ಮುಟ್ಟಿದ ಮನೆಯವರು ಮೊದಲು ಕೇಳುವುದು ಅದನ್ನೇ. ಹೇಳಿ ಮುಗಿಯುವ ತನಕ ದಾರಿಯಲ್ಲಿ ಯಾರ ಮನೆಯ ನೀರನ್ನೂ ಮುಟ್ಟುವುದಿಲ್ಲ. ಮುಟ್ಟಿಸುವ ಮನೆಯಲ್ಲಿ ಊಟವಾಗಿಲ್ಲವೆಂದರೆ, ಆಗುವ ತನಕ ಕಾಣದ ಹಾಗೆ ಎಲ್ಲಿಯಾದರೂ ಮರೆಗೆ ನಿಂತು ಕಾಯುತ್ತಾರೆ. ಸಾವಿನ ಸುದ್ದಿ ಕಿವಿಗೆ ಬಿದ್ದರೆ ಸೂತಕ, ಮತ್ತೆ ಆ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಮಕ್ಕಳು, ಮುದುಕರು ಹಸಿದೇ ಮಲಗಬೇಕು. "ಹೋದವರು ಹೋಗಿ ಆಗಿದೆ, ನಾನು ಒಂದು ಗಳಿಗೆ ತಡ ಮಾಡಿದರೆ ಅವರಿಗೇನೂ ಆಗುವುದಿಲ್ಲ. ಇದ್ದವರು ಉಣ್ಣಲಿ" ಎನ್ನುತ್ತಾರೆ. ಅಂಗಳದ ಮೂಲೆಯಲ್ಲಿ ಕೈ ತೊಳೆಯುವ ಜಾಗ ಒದ್ದೆಯಾಗಿದೆಯೋ ಒಣಗಿದೆಯೋ ಎಂದು ನೋಡಿದರೆ ಅವರಿಗೆ ಊಟದ ಸಂಗತಿ ತಿಳಿಯುತ್ತದೆ.

ಇಂಥ ಕೆಲಸಕ್ಕೆ ಮನುಷ್ಯ ಕೊಡುವ ಬೆಲೆಯೂ ಸಣ್ಣದಲ್ಲ. ತುಕ್ರಪ್ಪನವರನ್ನು ಮದುವೆಗೆ ಯಾರೂ ಕರೆಯುವುದಿಲ್ಲ. ದಾರಿಯಲ್ಲಿ ಎದುರಾದರೆ ಹೆಂಗಸರು ಎದೆ ಹಿಡಿದುಕೊಳ್ಳುತ್ತಾರೆ. ಮಗಳು ಪೂವಮ್ಮನನ್ನು ಬೆಳ್ತಂಗಡಿಯ ಆಚೆಗೆ ಕೊಟ್ಟಿದ್ದಾರೆ. ಒಮ್ಮೆ ಅವಳನ್ನು ನೋಡುವ ಆಸೆಯಾಗಿ, ಒಳ್ಳೆಯ ಒಂದು ಹಲಸಿನ ಹಣ್ಣನ್ನು ಹೆಗಲ ಮೇಲಿಟ್ಟುಕೊಂಡು ಹೋದರಂತೆ. ಗದ್ದೆಯ ಹುಣಿಯಲ್ಲಿ, ಅಂದರೆ ಬದುವಿನ ಮೇಲೆ, ಇವರನ್ನು ಕಂಡದ್ದೇ ಸೈ, ಮಗಳ ಅತ್ತೆ ತನ್ನ ತವರಿನಲ್ಲಿ ಯಾರೋ ಹೋದರೆಂದು ನೆಲಕ್ಕೆ ಬಿದ್ದು ಗೋಳೋ ಎಂದು ಅತ್ತರಂತೆ. ಹಣ್ಣು ಕೆಳಗಿಟ್ಟು ಸಮಾಧಾನ ಮಾಡುವಾಗ ಸಂಜೆಯಾಯಿತು. ಅಂದಿನಿಂದ ನಂಟರ ಮನೆಗೆ ಹೋಗುವಾಗ ಅವರು ದೂರದಿಂದಲೇ ಕೂಗುತ್ತಾರೆ: "ಎಂತ ಇಲ್ಲ ಮಾರಾಯ್ರೆ, ಸುಮ್ಮನೆ ಬಂದದ್ದು!" ಹೇಳುವಾಗ ಅವರೂ ನಕ್ಕರು, ನಾನೂ ನಕ್ಕೆ.

ಈ ತುಕ್ರಪ್ಪನವರ ಹೆಸರು ನನಗೆ ಗೊತ್ತಾದದ್ದು ಬೆಂಗಳೂರಿನ ವಿಧಾನಸಭೆಯ ಒಂದು ಕಲಾಪದಿಂದ. ಹೋದ ಮಾರ್ಚ್ ತಿಂಗಳಲ್ಲಿ ಬಜೆಟ್ ಅಧಿವೇಶನದ ವರದಿಗೆಂದು ನಾನು ಅಲ್ಲಿದ್ದೆ. ಒಂದು ಬೆಳಿಗ್ಗೆ ಸಭೆ ಸೇರಿದ ಕೂಡಲೇ ಅಧ್ಯಕ್ಷರು ಎದ್ದು, ಮಾಜಿ ಸದಸ್ಯ ಅಜಿತಕುಮಾರ ಬಲ್ಲಾಳರು ಬಂಟ್ವಾಳದ ಹತ್ತಿರದ ಮೆಲ್ಕಾರಿನಲ್ಲಿ ಅಂದು ನಸುಕಿನಲ್ಲಿ ನಿಧನರಾದರೆಂದು ತಿಳಿಸಿದರು. ನಮ್ಮ ಜಿಲ್ಲೆ ಮದ್ರಾಸಿನ ಆಡಳಿತದಲ್ಲಿದ್ದಾಗ ಅಲ್ಲಿನ ಸಭೆಯಲ್ಲೂ, ಮೈಸೂರಿಗೆ ಸೇರಿದ ಮೇಲೆ ಇಲ್ಲಿನ ಸಭೆಯಲ್ಲೂ ಕೂತವರು ಅವರು. ಶಾಲೆಗೆ ಜಾಗ ಬಿಟ್ಟವರು, ಔಷಧಾಲಯಕ್ಕಾಗಿ ಓಡಾಡಿದವರು. ಸರ್ಕಾರದ ಕಡೆಯಿಂದ ಒಬ್ಬರು, ವಿರೋಧ ಪಕ್ಷದಿಂದ ಒಬ್ಬರು, ನಮ್ಮ ಜಿಲ್ಲೆಯ ಸದಸ್ಯರೊಬ್ಬರು ಮಾತಾಡಿದರು. ಸರಳ ಜೀವಿ, ಅಜಾತಶತ್ರು, ತುಂಬಲಾರದ ನಷ್ಟ. ಎಲ್ಲವೂ ನಿಜವೇ. ಸದಸ್ಯರೆಲ್ಲ ಒಂದು ನಿಮಿಷ ಎದ್ದು ನಿಂತರು. "ಸಭೆಯ ಸಂತಾಪವನ್ನು ಮೃತರ ಕುಟುಂಬಕ್ಕೆ ತಲುಪಿಸಲಾಗುವುದು" ಎಂದು ಅಧ್ಯಕ್ಷರು ಹೇಳಿದರು. ಕುರ್ಚಿಗಳು ಸದ್ದು ಮಾಡಿದವು, ಪ್ರಶ್ನೋತ್ತರ ಸುರುವಾಯಿತು. ಮೊದಲನೇ ಪ್ರಶ್ನೆ ಕೊಕ್ಕಡದ ರಸ್ತೆಗೆ ಜಲ್ಲಿ ಹಾಕುವ ವಿಷಯ.

ಕುಟುಂಬ ಎಂದರೆ ಯಾರು? ಬಲ್ಲಾಳರಿಗೆ ಒಬ್ಬಳೇ ಅಕ್ಕ, ಮೂಡಬಿದ್ರಿಯ ಕಮಲಾವತಿ ಅಮ್ಮ. ತಾಯಿ ಬೇಗ ತೀರಿಕೊಂಡದ್ದರಿಂದ ತಮ್ಮನನ್ನು ಸೊಂಟದಲ್ಲಿ ಹೊತ್ತು ಸಾಕಿದವರು. ಎರಡು ವರ್ಷದ ಹಿಂದೆ ಬಿದ್ದು ಸೊಂಟ ಮುರಿದ ಮೇಲೆ ಅವರು ಹೊಸ್ತಿಲು ದಾಟಿ ಪಯಣ ಹೋದವರಲ್ಲ, ಹೃದಯವೂ ಗಟ್ಟಿಯಿಲ್ಲ. ಅವರನ್ನು ಕಾರಿನಲ್ಲಿ ಕರೆತರುವ ಹಾಗಿರಲಿಲ್ಲ. ತಂತಿ ಕಳಿಸಿದರೆ ಅಂಚೆಯವನು ಅದನ್ನು ಅಂಗಳದಲ್ಲಿ ನಿಂತು ಗಟ್ಟಿಯಾಗಿ ಓದುತ್ತಾನೆ. "ಅತ್ತೆಗೆ ತಂತಿ ಬೇಡ. ತುಕ್ರಪ್ಪ ಹೋಗಲಿ" ಎಂದು ಬಲ್ಲಾಳರ ಮಗ ಹೇಳಿದರು. ಆಮೇಲೆ ನಾನು ಮೆಲ್ಕಾರಿಗೆ ಹೋದಾಗ ಅವರ ಬಾಯಿಯಿಂದಲೇ ಈ ಹೆಸರು ಕೇಳಿದ್ದು. ವಿಧಾನಸಭೆಯ ಬಾಗಿಲು ತೆರೆಯುವ ಎಷ್ಟೋ ಮೊದಲು ತುಕ್ರಪ್ಪ ಪಾಣೆಮಂಗಳೂರಿನ ಸೇತುವೆ ದಾಟಿ ಆಗಿತ್ತು.

ಹೊರಡುವಾಗಲೇ ಅವರಿಗೆ ಒಂದು ಚಿಂತೆ ಹತ್ತಿತ್ತು. ಬೆಂಗಳೂರಿಗೆ ಫೋನು ಮಾಡಿದ್ದಾರೆ ಎಂಬ ಮಾತು ಕಿವಿಗೆ ಬಿದ್ದಿತ್ತು. ಬೆಂಗಳೂರಿಗೆ ಹೋದದ್ದು ರೇಡಿಯೋಕ್ಕೂ ಹೋಗುತ್ತದೆ. ಕಮಲಾವತಿ ಅಮ್ಮನ ಮಗ ಸುಕುಮಾರರು ರೇಡಿಯೋ ತಂದು ಚಾವಡಿಯಲ್ಲಿ ಇಟ್ಟಿದ್ದು ತುಕ್ರಪ್ಪನವರಿಗೆ ಗೊತ್ತಿತ್ತು. "ಆ ಪೆಟ್ಟಿಗೆ ಉಂಡಿರಾ ಅಂತ ಕೇಳುವುದಿಲ್ಲ. ಒಮ್ಮೆಲೇ ಹೇಳಿಬಿಡ್ತದೆ. ಅಮ್ಮನ ಎದೆ ಒಡೆದರೆ ಯಾರು ಹಿಡಿಯುವುದು? ಓಡಿದೆ ನಾನು ಆ ದಿನ, ಸಿದ್ದಕಟ್ಟೆ ಏರಿನಲ್ಲಿ ಓಡಿದೆ."

ಮಧ್ಯಾಹ್ನದ ವಾರ್ತೆಗೆ ಮೊದಲೇ ಮೂಡಬಿದ್ರಿ ಮುಟ್ಟಿದರು. ನೋಡಿದರೆ ಕೈ ತೊಳೆಯುವ ಜಾಗ ಒಣಗಿದೆ! ಹಿಂದಿನ ದಿನ ಚತುರ್ದಶಿ. ಕಮಲಾವತಿ ಅಮ್ಮ ಜೈನರ ಮನೆಯ ಹಿರಿಯರು, ನೀರೂ ಕುಡಿಯದೆ ಉಪವಾಸ ಇದ್ದವರು. ಬಸದಿಯಿಂದ ಅಭಿಷೇಕದ ನೀರು, ಗಂಧೋದಕ, ಬಂದ ಮೇಲೆಯೇ ಅವರು ಉಪವಾಸ ಮುರಿದು ಪಾರಣೆ ಮಾಡುವುದು, ಅದು ಆ ದಿನ ತಡವಾಗಿತ್ತು. ಈಗ ಹೇಳಿದರೆ ಅವರು ಇಂದೂ ಉಣ್ಣುವುದಿಲ್ಲ. ಹೇಳದಿದ್ದರೆ ರೇಡಿಯೋ ಹೇಳುತ್ತದೆ. ಮುರಿದ ಸೊಂಟದ, ಬಡಕಲು ಎದೆಯ ಆ ಮುದಿ ಜೀವ ಮತ್ತೊಂದು ದಿನ ಹಸಿವನ್ನು ತಡೆಯುವುದೇ?

"ನನಗೆ ಅಳುವೇ ಬಂತು. ಬೈಹುಲ್ಲಿನ ರಾಶಿಯ ಹಿಂದೆ ಹೋಗಿ ನಿಂತೆ. ನಮ್ಮ ದೈವಕ್ಕೆ ಹೇಳಿಕೊಂಡೆ, ಆ ಪೆಟ್ಟಿಗೆ ಇವತ್ತು ಹಾಳಾಗಲಿ ಅಂತ."

ಪೆಟ್ಟಿಗೆ ಹಾಳಾಗಲಿಲ್ಲ. ಹುಲ್ಲಿನ ಹಿಂದೆ ನಿಂತ ತುಕ್ರಪ್ಪನವರಿಗೂ ಕೇಳುವ ಹಾಗೆ ಅದು ಮಾತಾಡಿತು. ಇಂದು ವಿಧಾನಸಭೆ ಮಾಜಿ ಸದಸ್ಯ ಅಜಿತಕುಮಾರ ಬಲ್ಲಾಳರ ನಿಧನಕ್ಕೆ ಸಂತಾಪ ಸೂಚಿಸಿತು. ಅದರ ಬೆನ್ನಿಗೇ ಅಕ್ಕಿಯ ಧಾರಣೆ. ಒಳಗಿನಿಂದ ಅಳು ಕೇಳುತ್ತದೆ ಎಂದು ತುಕ್ರಪ್ಪ ಕಿವಿಗೊಟ್ಟರು. ಒಂದು ಸದ್ದೂ ಇಲ್ಲ.

ಒಳಗೆ ಏನಾಯಿತೆಂದು ನನಗೆ ಹೇಳಿದವರು ಆ ಮನೆಯ ಸೊಸೆ ಯಶೋಧಾ. ಮೂಡಬಿದ್ರಿಗೆ ಹೋಗಿ ಅವರನ್ನೇ ಕೇಳಿದೆ. ರೇಡಿಯೋದಲ್ಲಿ ಬಲ್ಲಾಳರ ಹೆಸರು ಕೇಳಿದ ಕೂಡಲೇ ಸುಕುಮಾರರು ಹೆಗಲ ಮೇಲಿನ ಬೈರಾಸನ್ನು ಬಾಯಿಗೆ ಒತ್ತಿ ಹಿಡಿದರಂತೆ. ಕಂಬಕ್ಕೆ ಒರಗಿ ಕೂತ ಕಮಲಾವತಿ ಅಮ್ಮ ಮಾತ್ರ ಅಂಗಳದಾಚೆ ಬೈಹುಲ್ಲಿನ ರಾಶಿಯ ಬದಿಗೆ ಕಾಣುವ ಮುಂಡಿನ ಅಂಚನ್ನೇ ನೋಡುತ್ತಿದ್ದರು. ಆಮೇಲೆ ಕೈ ಎತ್ತಿ, "ಯಾರೂ ಅಳಬೇಡಿ. ಯಶೋಧಾ, ಎಲೆ ಹಾಕು. ಬಡಿಸು" ಎಂದರು.

"ಕೇಳಿದ ಮೇಲೆ ಉಣ್ಣುವುದು ಹೇಗೆ ಅತ್ತೆ?"

"ನನಗೆ ಸುದ್ದಿ ಇನ್ನೂ ಮುಟ್ಟಲಿಲ್ಲ. ಅದು ಹುಲ್ಲಿನ ಹಿಂದೆ ನಿಂತಿದೆ. ಬೆಳಿಗ್ಗೆಯಿಂದ ನೀರು ಕುಡಿದಿರುವುದಿಲ್ಲ ಪಾಪ. ನಾನು ಉಣ್ಣದೆ ಅವನು ಬರುವವನಲ್ಲ."

ಯಶೋಧಾ ಬಡಿಸಿದರು. ಕಮಲಾವತಿ ಅಮ್ಮ ತಲೆ ಬಗ್ಗಿಸಿ ಉಂಡರು. ಕಣ್ಣ ನೀರು ಎಲೆಗೆ ಬೀಳುತ್ತಿತ್ತು, ತುತ್ತು ಮಾತ್ರ ನಿಲ್ಲಿಸಲಿಲ್ಲ. ಗಂಜಿ, ಹೆಸರುಬೇಳೆಯ ತೋವೆ. ಆಮೇಲೆ ಇಬ್ಬರು ಹಿಡಿದುಕೊಂಡು ಅವರನ್ನು ಅಂಗಳದ ಅಂಚಿಗೆ ತಂದರು. ಕೈ ತೊಳೆದ ನೀರು ಬೀಳುವ ಸದ್ದು ತುಕ್ರಪ್ಪನವರಿಗೆ ಕೇಳಿಸಿತು. ಅವರು ಮುಂಡು ಇಳಿಸಿ, ಅಂಗಳಕ್ಕೆ ಬಂದು ಕೈ ಮುಗಿದು ನಿಂತರು.

"ಅಮ್ಮ, ಊಟ ಆಯಿತಾ?"

"ಆಯಿತು ತುಕ್ರಪ್ಪ."

"ಅಮ್ಮ, ರೇಡಿಯೋ..." ಎಂದು ತೊಡಗಿದರು.

"ರೇಡಿಯೋ ಯಾರೋ ಮೆಂಬರನ ಸುದ್ದಿ ಹೇಳಿತು. ನನ್ನ ತಮ್ಮನ ಸುದ್ದಿ ನೀನು ಹೇಳು."

ತುಕ್ರಪ್ಪ ಹೇಳಿದರು. ಕೋಳಿ ಕೂಗುವ ಮೊದಲು ಧನಿಗಳು ಹೋದರು. ನೋವು ಪಡಲಿಲ್ಲ. ಗೋಡೆಯ ಬದಿಗೆ ತಿರುಗಿಸಿ ಮಲಗಿಸಿ ಎಂದರು. ಎರಡು ಸಲ 'ಅಕ್ಕ ಬಂದಳಾ' ಎಂದು ಕೇಳಿದರು. ಬರುತ್ತಿದ್ದಾಳೆ ಎಂದು ಮಗ ಹೇಳಿದ್ದಕ್ಕೆ, 'ಸೊಂಟ ನೋವು ಅವಳಿಗೆ, ನಿಧಾನ ಬರಲಿ' ಎಂದರು. ಅಷ್ಟು ಕೇಳುವಾಗ ಕಮಲಾವತಿ ಅಮ್ಮನ ಎದೆಯೊಳಗಿನಿಂದ ಕೂಗು ಬಂತು. ಆ ಮನೆಯಲ್ಲಿ ಅಳು ಸುರುವಾದದ್ದು ಆಗ. ಯಶೋಧಾ ಅತ್ತೆಯನ್ನು ತಬ್ಬಿ ಹಿಡಿದು ಕೂತರು. ಆ ಎದೆ ಒಡೆಯಲಿಲ್ಲ, ದೇವರ ದಯೆ, ಇಂದಿಗೂ ಬಡಿಯುತ್ತಿದೆ.

ವಿಧಾನಸಭೆಯ ಸಂತಾಪ ನಿರ್ಣಯ ಒಂದು ತಿಂಗಳು ಕಳೆದು, ಮುದ್ರೆ ಹಾಕಿದ ಲಕೋಟೆಯಲ್ಲಿ ಮೆಲ್ಕಾರಿನ ಮನೆಗೆ ಬಂತು. ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗಿಸಿದ್ದಾರೆ. ಗೌರವದ ಮಾತುಗಳೇ ಅದರಲ್ಲಿ ಇವೆ, ನಾನು ಓದಿ ನೋಡಿದೆ. ಸಭೆಯವರೆಲ್ಲ ಎದ್ದು ನಿಂತದ್ದನ್ನು ನಾನು ಕಣ್ಣಾರೆ ಕಂಡೆ ಎಂದು ತುಕ್ರಪ್ಪನವರಿಗೆ ಹೇಳಿದೆ. ಅವರಿಗೆ ನಿಜವಾಗಿ ಸಂತೋಷವಾಯಿತು. "ಹೌದಾ? ಅಷ್ಟು ದೊಡ್ಡವರೆಲ್ಲ ನಿಂತರಾ? ಧನಿಗಳಿಗೆ ಸಲ್ಲಬೇಕಾದದ್ದೇ ಮತ್ತೆ. ನಾನೂ ನಿಂತೆ, ಹುಲ್ಲಿನ ಹಿಂದೆ."

ಬೆಳ್ತಂಗಡಿಯ ಮನೆ ಈಗ ಕಾಣುತ್ತಿದೆ. ಬಿಸಿಲು ಏರಿದೆ. ಅಡಿಗೆ ಮನೆಯಿಂದ ಹೊಗೆ ಏಳುತ್ತಿದೆ, ಅಂದರೆ ಕಾಯಬೇಕು. ಒಂದು ಗೇರು ಮರದ ಬುಡದಲ್ಲಿ ಇಬ್ಬರೂ ಮರೆಯಾಗಿ ಕೂರುತ್ತೇವೆ. ಫೋನು ಬಂದಾಯಿತು, ರೇಡಿಯೋ ಬಂದಾಯಿತು, ಇನ್ನು ಈ ಕೆಲಸ ಎಷ್ಟು ದಿನವೋ ಎನ್ನುತ್ತೇನೆ. ಹೋಗುವುದಾದರೆ ಹೋಗಲಿ ಎಂಬಂತೆ ಅವರು ತಲೆಯಾಡಿಸುತ್ತಾರೆ. ನಿಮಗೇನಾದರೂ ಆಸೆ ಉಂಟಾ ಎಂದು, ಪತ್ರಿಕೆಯವರು ಎಲ್ಲರನ್ನೂ ಕೇಳುವ ಹಾಗೆ ನಾನೂ ಕೇಳುತ್ತೇನೆ. ಆ ಮನೆಯ ಅಂಗಳವನ್ನೇ ನೋಡುತ್ತ ಅವರು ಹೇಳುತ್ತಾರೆ:

"ನಾನು ಹೋದ ದಿನ ಪೂವಮ್ಮನಿಗೆ ರೇಡಿಯೋ ಹೇಳಲಿಕ್ಕಿಲ್ಲ. ಯಾರಾದರೂ ಒಬ್ಬ ನಡೆದೇ ಹೋಗಬೇಕು. ಅವಳು ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳು, ಮಧ್ಯಾಹ್ನ ಕಳೆದು ಹೊತ್ತು ಇಳೀತದೆ. ಹೋದವನು ಸ್ವಲ್ಪ ಕಾಯಲಿ."